ತಳ್ಳೋದೂ ಬೇಡ, ಹಿಡಿಯೋದೂ ಬೇಡ

ಗುಟ್ಟಹಳ್ಳಿಯ ಸಂಜೆ ಕಾಲೇಜು, ಎರಡನೇ ಮಹಡಿ.
ಕೆಳಗೆ ಮಿಕ್ಸಿ ರಿಪೇರಿಯವನು ಮೋಟಾರು ಓಡಿಸಿ ನೋಡಿದಾಗೆಲ್ಲ
ನಮ್ಮ ಟ್ಯೂಬ್‌ಲೈಟು ಒಮ್ಮೆ ಕಣ್ಣು ಮಿಟುಕಿಸುತ್ತದೆ.
ಹನ್ನೊಂದು ಜನ. ಅದರಲ್ಲಿ ಇಬ್ಬರಿಗೆ ನಿದ್ದೆ.
ಬೋರ್ಡಿನ ಮೇಲೆ
ಎಕ್ಸ್‌ನ ನಾಲ್ಕನೇ ಘಾತ, ಅದರಿಂದ ಕಳೆ
ನಾಲ್ಕು ಎಕ್ಸ್ ಘನ.

ಅವಕಲಿಸಿ ಎಂದೆ. ಅವಕಲಿಸಿದರು.
ಅಪವರ್ತಿಸಿ ಎಂದೆ. ನಾಲ್ಕು ಎಕ್ಸ್ ವರ್ಗ ಹೊರಗೆ ಬಂತು,
ಕಂಸದೊಳಗೆ ಎಕ್ಸ್ ಕಳೆ ಮೂರು ಉಳಿಯಿತು.
ಸೊನ್ನೆಗೆ ಸಮ ಮಾಡಿ. ಮಾಡಿದರು.
ಸೊನ್ನೆ, ಮೂರು. ಇವೇ ಕ್ರಿಟಿಕಲ್ ನಂಬರು,
ಬರೆದುಕೊಳ್ಳಿ, ಪ್ರತಿ ವರ್ಷ ಬರುತ್ತದೆ.
ಮೂವತ್ತು ವರ್ಷದಿಂದ ಹೀಗೇ ಹೇಳಿ
ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತಿದ್ದೇನೆ.

ಮಲರ್ ಬರೆದುಕೊಳ್ಳಲಿಲ್ಲ.
ಹಗಲೆಲ್ಲ ಅವಳು ಚಿಕ್ಕಪ್ಪ ದೊರೆರಾಜನ ಜೊತೆ
ವಯ್ಯಾಲಿಕಾವಲ್‌ನ ಮನೆಮನೆಯ ರದ್ದಿ ಎತ್ತಿ
ತಳ್ಳುಗಾಡಿಯಲ್ಲಿ ತರುವವಳು.
"ಸರ್, ಇಳಿಜಾರು ಅಂತೀರ. ಏರಿಗೂ ಇಳಿಜಾರು ಅಂತೀರ.
ಗಾಡಿ ಹಿಡಿದೋರು ಯಾರೂ ಹಾಗನ್ನಲ್ಲ."

ನಿಜ. ನಮ್ಮ ಪುಸ್ತಕದ ಕನ್ನಡಕ್ಕೆ ಏರು ಗೊತ್ತಿಲ್ಲ;
ಧನ ಇಳಿಜಾರು, ಋಣ ಇಳಿಜಾರು ಎಂದು
ಸಾಲ ಕೊಟ್ಟವರ ಹಾಗೆ ಮಾತಾಡುತ್ತದೆ.

"ಏರಲ್ಲಿ ತಳ್ಳಬೇಕು. ಇಳಿಜಾರಲ್ಲಿ
ಹಿಂದಕ್ಕೆ ಎಳೆದು ಹಿಡೀಬೇಕು, ಇಲ್ಲಾಂದ್ರೆ
ಗಾಡಿ ನಮ್ಮನ್ನೇ ಎಳ್ಕೊಂಡು ಹೋಗತ್ತೆ.
ತಳ್ಳೋದೂ ಬೇಡ, ಹಿಡಿಯೋದೂ ಬೇಡ ಅನ್ನೋ ಜಾಗ,
ಅದು ತಾನೆ ನಿಮ್ಮ ಸೊನ್ನೆ?"

ಅದೇ.
ಅದೇ ಎನ್ನಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಹಾಗಾದ್ರೆ ನಮ್ಮ ದಾರೀಲಿ ಎರಡಿದೆ ಸರ್.
ಹಾಲಿನ ಬೂತ್ ಮುಂದೆ ಒಂದು. ನಾಲ್ಕು ಹೆಜ್ಜೆ ಮಟ್ಟ,
ಚಿಕ್ಕಪ್ಪ ಬೀಡಿ ಹಚ್ಚೋದು ಅಲ್ಲೇ.
ಆಮೇಲೆ ಮತ್ತೆ ಇಳಿಜಾರೇ.
ಇನ್ನೊಂದು ರಾಜಕಾಲುವೆ ಸೇತುವೆ. ಅದಾದ್ಮೇಲೆ ಏರು,
ಮೂಗು ಮುಚ್ಚೋಕೂ ಕೈ ಖಾಲಿ ಇರಲ್ಲ."

ಬೋರ್ಡಿಗೆ ಬೆನ್ನು ಹಾಕಿ ನಿಂತಿದ್ದವನು ತಿರುಗಿದೆ.
ಸೊನ್ನೆಯ ಎಡಕ್ಕೆ ಮೈನಸ್, ಬಲಕ್ಕೂ ಮೈನಸ್: ಹಾಲಿನ ಬೂತು.
ಮೂರರ ಎಡಕ್ಕೆ ಮೈನಸ್, ಬಲಕ್ಕೆ ಪ್ಲಸ್: ರಾಜಕಾಲುವೆ,
ಆಳ ಮೈನಸ್ ಇಪ್ಪತ್ತೇಳು.
ನಿಂತಲ್ಲೆಲ್ಲ ತಿರುವಿಲ್ಲ ಎಂಬುದನ್ನು
ಎರಡು ಅಂಕದ ಪ್ರಶ್ನೆ ಮಾಡಿ ಇಟ್ಟಿದ್ದೆ ನಾನು.

ಹಿಂದಿನ ಬೆಂಚಿನ ಇಮ್ತಿಯಾಜ್, ಎಚ್ಚರವಿದ್ದಾನೆಂದೇ ಗೊತ್ತಿರಲಿಲ್ಲ:
"ಹಂಪ್ ಇದ್ರೆ ಸರ್? ಚೂಪು ಹಂಪ್?"
ಆ ತುದಿಯಲ್ಲಿ ಡೆರಿವೇಟಿವ್ ಇಲ್ಲ. ಏರುವ ಕೈ ಒಂದು ಹೇಳುತ್ತದೆ,
ಇಳಿಯುವ ಕೈ ಇನ್ನೊಂದು. ಆದರೂ ಅದು ಲೆಕ್ಕಕ್ಕುಂಟು.
"ಒಳಚರಂಡಿಗೆ ಅಂತ ರೋಡೇ ಅಗೆದುಬಿಟ್ಟಿದ್ರೆ?"
ರೋಡೇ ಇಲ್ಲದ ಕಡೆ ಕ್ರಿಟಿಕಲ್ ನಂಬರೂ ಇಲ್ಲ.
"ಹಾಗಾದ್ರೆ ನಮ್ಮ ಬೀದಿ ಪೂರ್ತಿ ಸಿಲಬಸ್ಸಿಂದ ಹೊರಗೆ" ಎಂದ.
ನಿದ್ದೆಯಲ್ಲಿದ್ದ ಇನ್ನೊಬ್ಬನೂ ನಕ್ಕ.

ಶನಿವಾರ, ಸ್ಟಾಫ್‌ರೂಮಿನಲ್ಲಿ ಯಾರಿಗೂ ಹೇಳದೆ, ಹೋದೆ.
ಮೇಷ್ಟ್ರು ಅನ್ನೋ ಮುಲಾಜಿಗೆ
ದೊರೆರಾಜ ಒಂದು ಬದಿ ಬಿಟ್ಟುಕೊಟ್ಟ.
ಹಳೆಯ ಪತ್ರಿಕೆ, ಮದುವೆ ಕಾರ್ಡು, ಯಾರದೋ ಮಗುವಿನ ಮಗ್ಗಿ ಪುಸ್ತಕ,
ಎಲ್ಲದರ ಭಾರ ಮುಂಗೈಗೆ ಬಂತು.
ಹಾಲಿನ ಬೂತು ಸಿಕ್ಕಿತು. ಬೀಡಿ ಹಚ್ಚಿದ್ದಾಯಿತು.
ಮತ್ತೆ ಇಳಿದೆವು, ಹಿಮ್ಮಡಿ ಊರಿ, ಹಲ್ಲು ಕಚ್ಚಿ.
ಸೇತುವೆಯ ಮೇಲೆ ಆ ಒಂದೇ ಒಂದು ಬಿಂದುವಿಗಾಗಿ
ಅಂಗೈಯನ್ನೇ ಕಿವಿ ಮಾಡಿಕೊಂಡು ಕಾದೆ.

ಈಗ, ಅಂದಳು ಮಲರ್.
ಅವಳು ಅನ್ನುವಷ್ಟರಲ್ಲಿ
ನಾನಾಗಲೇ ತಳ್ಳುತ್ತಿದ್ದೆ.